ವೇಪ್ ಕಾರ್ಟ್ರಿಡ್ಜ್ ಮನೆಯಲ್ಲೇ ತೊಳೆದು ಮತ್ತೆ ಬಳಸಬಹುದಾ? ಗೊತ್ತಿದ್ದವರು ಹೇಳಿ

ಕೈಮರ ಹುಡುಗ:
ಎಲ್ಲರಿಗೂ ನಮಸ್ಕಾರ. ದುಬೈನಲ್ಲಿ ಹೋಟೆಲ್ ಕೆಲಸದಲ್ಲಿದ್ದೆ, ಈಗ ಊರಿಗೇ ಬಂದಿದ್ದೇನೆ. ಚಿಕ್ಕಮಗಳೂರಿನಿಂದ ಸ್ವಲ್ಪ ಮೇಲೆ ನಮ್ಮ ಮನೆ. ಅಲ್ಲಿದ್ದಾಗ ಸಿಗರೇಟ್ ಬಿಡೋಕೆ ಅಂತ ವೇಪ್, ಅಂದರೆ ಇ-ಸಿಗರೇಟ್, ಹಿಡಿದೆ. ಸಿಗರೇಟ್ ಹೋಯಿತು, ಇದು ಉಳಿಯಿತು. ನನ್ನ ಹತ್ತಿರ ಇರುವುದು ಒಂದು ಮೆಷೀನ್, ಎರಡು ಕಾರ್ಟ್ರಿಡ್ಜ್, ಅರ್ಧ ಬಾಟಲಿ ಲಿಕ್ವಿಡ್. ಎರಡೂ ಕಾರ್ಟ್ರಿಡ್ಜ್ ಈಗ ಸುಟ್ಟ ವಾಸನೆ ಹೊಡೆಯುತ್ತಿವೆ. ಇಲ್ಲಿ ಹೊಸದು ಸಿಗುವುದಿಲ್ಲ. ಸಿಕ್ಕರೂ ಎಲ್ಲಿಯ ಮಾಲು ಅಂತ ಗೊತ್ತಾಗುವುದಿಲ್ಲ. ವಿಡಿಯೋಗಳಲ್ಲಿ ಒಬ್ಬ ಬಿಸಿನೀರು ಅಂತಾನೆ, ಇನ್ನೊಬ್ಬ ವಿನೆಗರ್, ಮತ್ತೊಬ್ಬ ವೋಡ್ಕಾದಲ್ಲಿ ನೆನೆಹಾಕು ಅಂತಾನೆ. ಮನೆಯಲ್ಲೇ ತೊಳೆದು ಬಳಸಿದವರು ಇದ್ದೀರಾ? ಬುದ್ಧಿ ಹೇಳುವ ಕೆಲಸ ಅಮ್ಮ ನೋಡಿಕೊಳ್ಳುತ್ತಿದ್ದಾರೆ. ಇಲ್ಲಿ ಬರೀ ಸಾಮಾನಿನ ವಿಷಯ ಹೇಳಿ ಸಾಕು.

ಕೊಪ್ಪದ ಮಾವ:
ವೋಡ್ಕಾ ಅದಕ್ಕೆ ಕುಡಿಸುತ್ತಾರಾ ಮಾರಾಯ!

ದುದ್ದ ಟು ಶಾರ್ಜಾ:
ತಮ್ಮಾ, ತೊಳೆಯಬಹುದು. ಆದರೆ ನಿನ್ನದು ಯಾವ ಥರದ್ದು ಅನ್ನೋದರ ಮೇಲೆ ಹೋಗುತ್ತದೆ. ಕಂಪನಿಯಲ್ಲೇ ಲಿಕ್ವಿಡ್ ತುಂಬಿ ಸೀಲ್ ಮಾಡಿದ್ದು ಒಂದು. ನಾವೇ ತುಂಬಿಕೊಳ್ಳುವ ಪಾಡ್ ಇನ್ನೊಂದು. ಈ ಎರಡನೆಯದರಲ್ಲೂ ಕೆಲವದರ ಕಾಯಿಲ್ (ಲಿಕ್ವಿಡ್ ಕಾಯಿಸುವ ಭಾಗ) ಹೊರಗೆ ಬರುತ್ತದೆ, ಕೆಲವದರದ್ದು ಒಳಗೇ ಕೂತಿರುತ್ತದೆ. ಕಾಯಿಲ್ ಹೊರಗೆ ಬರುವಂಥದ್ದಾದರೆ ಕಾಯಿಲ್ ತೆಗೆದು ಪಕ್ಕಕ್ಕಿಡು. ರಬ್ಬರ್ ರಿಂಗ್ ಬಿಚ್ಚು. ಬರೀ ಟ್ಯಾಂಕನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ ಹೊಸ ಕಾಯಿಲ್ ಹಾಕು. ಶಾರ್ಜಾದಲ್ಲಿ ನಮ್ಮ ರೂಮಿನಲ್ಲಿ ಎಲ್ಲರೂ ಹೀಗೇ ಮಾಡುತ್ತಿದ್ದರು. ಕಾಯಿಲ್ ಅನ್ನೇ ನೆನೆಹಾಕಿ ಇನ್ನೊಂದಷ್ಟು ದಿನ ಎಳೆದವರೂ ಇದ್ದಾರೆ.

ಕೈಮರ ಹುಡುಗ:
ನನ್ನದು ನಾವೇ ತುಂಬುವ ಥರದ್ದು, ಆದರೆ ಕಾಯಿಲ್ ಒಳಗೇ ಫಿಕ್ಸ್ ಅಣ್ಣ. ಪಕ್ಕದಲ್ಲಿ ಸಣ್ಣ ರಬ್ಬರ್ ಬಿರಡೆ ಇದೆ, ಅಲ್ಲಿಂದ ತುಂಬುವುದು.

ಬಿ.ಎಂ. ರೋಡ್ ರಿಪೇರಿ:
ಹಾಸನದಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಇದು ನಮ್ಮ ಕೆಲಸ ಅಲ್ಲ ಅಂದರೂ ತಂದು ಟೇಬಲ್ ಮೇಲೆ ಇಡುವವರು ಇದ್ದಾರೆ. "ಚಾರ್ಜ್ ಆಗ್ತಿಲ್ಲ, ನೋಡಣ್ಣ" ಅಂತಾರೆ. ಹಾಗೆ ಬಿಟ್ಟುಹೋದ ಒಂದನ್ನು ಬಿಚ್ಚಿದ್ದೇನೆ. ನಿನ್ನದರ ಥರವೇ, ಕಾಯಿಲ್ ಒಳಗೆ ಕೂತಿದ್ದು. ಒಳಗೆ ಏನಿತ್ತು ಅಂತ ಹೇಳುತ್ತೇನೆ, ತೊಳೆಯಬೇಕಾ ಬೇಡವಾ ನೀನೇ ನೋಡು.

ಬಾಯಿಗಿಡುವ ಮುಚ್ಚಳವನ್ನು ಪ್ಲಾಸ್ಟಿಕ್ ಓಪನರ್‌ನಲ್ಲಿ ಎಬ್ಬಿಸಿದೆ. ಕೆಳಗೆ ಸಿಲಿಕೋನ್ ರಬ್ಬರ್. ಅದರ ಕೆಳಗೆ ಹೊಗೆ ಮೇಲೆ ಬರುವ ಸಣ್ಣ ಕೊಳವೆ. ಕೊಳವೆಯ ಬುಡದಲ್ಲಿ ಕಾಯಿಲ್, ಅಂದರೆ ಬಹಳ ತೆಳುವಾದ ಲೋಹದ ಜಾಲರಿ. ಅದಕ್ಕೆ ಹತ್ತಿ ಸುತ್ತಿರುತ್ತಾರೆ. ಹತ್ತಿ ಲಿಕ್ವಿಡ್ ಹೀರುತ್ತದೆ, ಜಾಲರಿ ಕಾಯುತ್ತದೆ, ಲಿಕ್ವಿಡ್ ಆವಿಯಾಗುತ್ತದೆ. ಇಷ್ಟೇ ಯಂತ್ರ. ಹೊಸದರಲ್ಲಿ ಹತ್ತಿ ಬಿಳಿ ಇರುತ್ತದೆ. ನಾನು ಬಿಚ್ಚಿದ್ದರಲ್ಲಿ ಹೊರಗಡೆ ಕಂದು, ಲೋಹಕ್ಕೆ ತಾಗಿದ ಕಡೆ ಕಪ್ಪು. ಟ್ವೀಜರ್‌ನಲ್ಲಿ ಹಿಡಿದು ಎಳೆದರೆ ಎಳೆಯಾಗಿ ಬರಲಿಲ್ಲ, ಪುಡಿಯಾಗಿ ಉದುರಿತು. ಜಾಲರಿಯ ಮೇಲೆ ಬೆಲ್ಲದ ಪಾಕ ತಳ ಹಿಡಿದ ಹಾಗೆ ಹೊಳೆಯುವ ಕರಿ ಪದರ. ಲಿಕ್ವಿಡ್‌ನಲ್ಲಿ ಸಿಹಿಗೆ ಅಂತ ಸುಕ್ರಲೋಸ್ ಹಾಕಿರುತ್ತಾರಲ್ಲ, ಅದು ಸೀದು ಕೂರುವುದು ಹೀಗೆ. ಹಣ್ಣಿನ ಫ್ಲೇವರ್, ಸಿಹಿ ಜಾಸ್ತಿ ಇದ್ದಷ್ಟೂ ಬೇಗ ಕೂರುತ್ತದೆ.

ತಮಾಷೆ ಏನು ಅಂದರೆ, ಮಲ್ಟಿಮೀಟರ್ ಹಿಡಿದರೆ ಕಾಯಿಲ್ ಸರಿಯಾಗಿಯೇ ತೋರಿಸಿತು. ಮೇಲೆ ಬರೆದಿದ್ದಷ್ಟೇ ಓಮ್. ಅಂದರೆ ಮೆಷೀನ್‌ಗೆ ಎಲ್ಲ ಸರಿ ಇದೆ ಅಂತಲೇ ಲೆಕ್ಕ. ಲೈಟ್ ಹತ್ತುತ್ತದೆ, ಹೊಗೆ ಬರುತ್ತದೆ. ಹತ್ತಿ ಸುಟ್ಟಿದ್ದು ಅದಕ್ಕೆ ಗೊತ್ತಾಗುವುದೇ ಇಲ್ಲ.

ಬಿಸಿನೀರು ಹಾಕಿದರೆ ಏನಾಗುತ್ತದೆ? ಹಳೆ ಲಿಕ್ವಿಡ್ ಹೋಗುತ್ತದೆ, ಪ್ಲಾಸ್ಟಿಕ್ ಫಳಫಳ ಅನ್ನುತ್ತದೆ. ಕಣ್ಣಿಗೆ ಕ್ಲೀನ್. ಸುಟ್ಟ ಹತ್ತಿ ಸುಟ್ಟೇ ಇರುತ್ತದೆ, ಕರಿ ಪದರ ಅಲ್ಲೇ ಇರುತ್ತದೆ.

ಕೈಮರ ಹುಡುಗ:
ರಿಪೇರಿ ಅಣ್ಣ, ನಿಮ್ಮ ಅಂಗಡಿಯಲ್ಲಿ ಬೋರ್ಡ್ ತೊಳೆಯುವ ಅಲ್ಟ್ರಾಸಾನಿಕ್ ಮೆಷೀನ್ ಇರುತ್ತದಲ್ವಾ? ಅದರಲ್ಲಿ ಹಾಕಿದರೆ ಪದರ ಬಿಡುವುದಿಲ್ಲವಾ? ಇಲ್ಲಾ ಬೋರ್ಡ್ ಒರೆಸುವ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್?

ಬಿ.ಎಂ. ರೋಡ್ ರಿಪೇರಿ:
ಅಲ್ಟ್ರಾಸಾನಿಕ್‌ನಲ್ಲಿ ಪದರ ಸ್ವಲ್ಪ ಬಿಡಬಹುದು. ಬಿಟ್ಟಿದ್ದು ಎಲ್ಲಿಗೆ ಹೋಗುತ್ತದೆ? ಪಕ್ಕದಲ್ಲೇ ಇರುವ ಹತ್ತಿಗೆ. ಆಮೇಲೆ ನೀನು ಎಳೆಯುವುದು ಅದೇ ಹತ್ತಿಯಿಂದ. ಅದೂ ಅಲ್ಲದೆ ಜನರ ಫೋನ್ ಬೋರ್ಡ್ ಅದ್ದುವ ತೊಟ್ಟಿಗೆ ನಿಕೋಟಿನ್ ನೀರು ಸೇರಿಸಲು ನಾನಂತೂ ತಯಾರಿಲ್ಲ.

ಐಪಿಎ ವಿಷಯ ಸ್ವಲ್ಪ ಗಂಭೀರ. ಬೋರ್ಡ್ ಮೇಲೆ ಹಾಕಿದರೆ ನೋಡನೋಡುತ್ತ ಹಾರಿಹೋಗುತ್ತದೆ, ಗಾಳಿ ಆಡುತ್ತದಲ್ಲ. ಮುಚ್ಚಿದ ಪಾಡ್ ಒಳಗೆ ಒತ್ತಿ ತುಂಬಿದ ಹತ್ತಿಗೆ ಹಾಕಿದರೆ ಹಾಗಲ್ಲ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಉಳಿದಿರುತ್ತದೆ. ಅದರ ಆವಿಗೆ 12 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತಲೇ ಕಿಡಿ ತಾಗಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಮುಳ್ಳಯ್ಯನಗಿರಿ ಬುಡದ ಚಳಿಯಲ್ಲೂ ಅದಕ್ಕೆ ಇಷ್ಟು ಬಿಸಿ ಸಿಕ್ಕಿಬಿಡುತ್ತದೆ. ನೀನು ಆಮೇಲೆ ಬಟನ್ ಒತ್ತಿ ಕಾಯಿಸುವುದು ಅದೇ ಹತ್ತಿಯನ್ನು, ಅದೂ ಬಾಯಿಗೆ ಇಟ್ಟುಕೊಂಡು. ವೋಡ್ಕಾಕ್ಕೂ ಇದೇ ಮಾತು. ಅದರಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ ಇರುವುದರಿಂದ ಒಣಗುವುದು ಇನ್ನೂ ನಿಧಾನ.

ಮಳೆಗಾಲದಲ್ಲಿ ನಿಮ್ಮ ಕಡೆ ಒಳಬಟ್ಟೆಯೇ ಒಣಗುವುದಿಲ್ಲ, ಈ ಹತ್ತಿ ಒಣಗುತ್ತದಾ? ನೀರು ಉಳಿದ ಕಾಯಿಲ್ ಕಾಯಿಸಿದರೆ ಪಟಪಟ ಸಿಡಿದು ಬಿಸಿ ಹನಿ ನೇರ ನಾಲಿಗೆಗೆ ಬರುತ್ತದೆ.

ಕೊಪ್ಪದ ಮಾವ:
ಮುಕ್ಕಾಲು ನೀರಾ? ಸಾಮಾನ್ಯವಾಗಿ ವೋಡ್ಕಾದಲ್ಲಿ ನೂರಕ್ಕೆ ನಲವತ್ತರ ಹತ್ತಿರ ಮದ್ಯಸಾರ ಇರುತ್ತದೆ ಸ್ವಾಮಿ. ಉಳಿದ ಅರವತ್ತು ನೀರು. ಲೆಕ್ಕ ಸರಿ ಇರಲಿ.

ಬಿ.ಎಂ. ರೋಡ್ ರಿಪೇರಿ:
ಅನುಭವಿಗಳ ಮಾತಿಗೆ ಎದುರಿಲ್ಲ ಮಾವ.

ದುದ್ದ ಟು ಶಾರ್ಜಾ:
ಸರಿ, ಆದರೆ ಹತ್ತಿ ಬದಲಾಯಿಸಿದರೆ? ಕಾಯಿಲ್ ನಾವೇ ಕಟ್ಟುವ ಟ್ಯಾಂಕ್ ಬರುತ್ತದೆ. ಹಳೆ ಹತ್ತಿ ತೆಗೆದು, ತಂತಿಯನ್ನು ಖಾಲಿ ಕಾಯಿಸಿ, ಕರಿ ಉದುರಿಸಿ, ಹೊಸ ಹತ್ತಿ ಹಾಕುತ್ತಾರೆ. ಅದನ್ನೂ ತಪ್ಪು ಅಂತೀರಾ?

ಬಿ.ಎಂ. ರೋಡ್ ರಿಪೇರಿ:
ಬಿಚ್ಚಿ ಕಟ್ಟಲು ಅಂತಲೇ ಮಾಡಿದ ಟ್ಯಾಂಕ್‌ಗೆ ಅದು ಇರುವ ಪದ್ಧತಿಯೇ, ಒಪ್ಪುತ್ತೇನೆ. ಟ್ಯಾಂಕಿನ ಗಾಜು, ಪ್ಲಾಸ್ಟಿಕ್ ತೊಳೆಯುವುದರಲ್ಲೂ ತಪ್ಪಿಲ್ಲ. ತಮ್ಮನ ಹತ್ತಿರ ಇರುವುದು ಅದಲ್ಲವಲ್ಲ. ಇವನ ಪಾಡ್ ಒಳಗೆ ತೂತು ನೋಡಿ ಹತ್ತಿ ಅಳೆದು ತುಂಬಿರುತ್ತಾರೆ. ಕಮ್ಮಿ ತುಂಬಿದರೆ ಲಿಕ್ವಿಡ್ ಸೋರಿ ಬಾಯಿಗೆ ಬರುತ್ತದೆ. ಜಾಸ್ತಿ ಒತ್ತಿದರೆ ಲಿಕ್ವಿಡ್ ಮುಂದೆ ಹೋಗದೆ ಹತ್ತಿ ಒಣಗಿ ಮತ್ತೆ ಸುಡುತ್ತದೆ. ಆ ಜಾಲರಿ ಟ್ವೀಜರ್ ತಾಗಿದರೆ ಸಾಕು, ಬಾಗುತ್ತದೆ. ಬಾಗಿದ ಜಾಗ ಒಂದೇ ಕಡೆ ಕೆಂಪಗೆ ಕಾಯುತ್ತದೆ.

ಸಕಲೇಶಪುರ ಔಷಧಿ:
ನಾನು ಫಾರ್ಮಸಿಸ್ಟ್. ರಿಪೇರಿಯವರು ಸಾಮಾನು ಬಿಚ್ಚಿದರು, ನಾನು ಹೊಗೆ ಬಿಚ್ಚುತ್ತೇನೆ.

ಲಿಕ್ವಿಡ್‌ನಲ್ಲಿ ಮುಖ್ಯವಾಗಿ ಎರಡು ದ್ರವ. ಪ್ರೊಪಿಲೀನ್ ಗ್ಲೈಕಾಲ್ ಕುದಿಯುವುದು 188 ಡಿಗ್ರಿಗೆ, ಗ್ಲಿಸರಿನ್ 290ಕ್ಕೆ. ಹತ್ತಿ ಚೆನ್ನಾಗಿ ನೆನೆದಿರುವ ತನಕ ಕಾಯಿಲ್‌ನ ಶಾಖವನ್ನೆಲ್ಲ ಈ ದ್ರವ ಎಳೆದುಕೊಂಡು ಆವಿಯಾಗುತ್ತದೆ. ಹಾಗಾಗಿ ಬಿಸಿ ಒಂದು ಮಿತಿಯಲ್ಲಿರುತ್ತದೆ. ಹತ್ತಿ ಸುಟ್ಟು ಹೀರುವುದು ನಿಂತರೆ ಆ ಮಿತಿ ಹೋಯಿತು. ಬಿಸಿ ಏರುತ್ತದೆ. ಆಗ ಗ್ಲಿಸರಿನ್ ಒಡೆದು ಅಕ್ರೋಲಿನ್ ಅನ್ನುವ ಅನಿಲ ಬರುತ್ತದೆ, ಫಾರ್ಮಾಲ್ಡಿಹೈಡ್ ಬರುತ್ತದೆ. ಎಣ್ಣೆ ಸೀದಾಗ ಕಣ್ಣು, ಗಂಟಲು ಉರಿಯುತ್ತದಲ್ಲ, ಅಲ್ಲಿ ಇರುವುದೂ ಇದೇ ಅಕ್ರೋಲಿನ್. ತಮ್ಮನಿಗೆ ಬರುತ್ತಿರುವ ಸುಟ್ಟ ವಾಸನೆ ಅಂದರೆ ಇದು ಶುರುವಾಗಿದೆ ಅಂತ. ತೊಳೆದರೆ ವಾಸನೆ ಒಂದೆರಡು ಎಳೆತಕ್ಕೆ ಕಮ್ಮಿ ಅನಿಸಬಹುದು, ಅಷ್ಟೇ.

ಇನ್ನು ಲೋಹ. 2018ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಬಳಸುತ್ತಿರುವವರ ಮೆಷೀನ್‌ಗಳನ್ನೇ ತೆಗೆದುಕೊಂಡು ಪರೀಕ್ಷೆ ಮಾಡಿದ್ದರು. ಬಾಟಲಿಯಲ್ಲಿದ್ದ ಲಿಕ್ವಿಡ್‌ನಲ್ಲಿ ಲೋಹ ತೀರಾ ಕಮ್ಮಿ. ಕಾಯಿಲ್‌ಗೆ ತಾಗಿದ ಮೇಲೆ ಅದೇ ಲಿಕ್ವಿಡ್‌ನಲ್ಲಿ, ಆವಿಯಲ್ಲಿ ಸೀಸ, ನಿಕಲ್, ಕ್ರೋಮಿಯಂ ಜಾಸ್ತಿ ಸಿಕ್ಕಿತು. ಅಂದರೆ ಬಾಟಲಿ ಎಷ್ಟೇ ಒಳ್ಳೆಯದಿದ್ದರೂ ಕಾಯಿಲ್‌ನಿಂದ ಬರುವುದು ಬಂದೇ ಬರುತ್ತದೆ. ವಿನೆಗರ್‌ನಂಥ ಹುಳಿಯಲ್ಲಿ ಲೋಹ ನೆನೆಹಾಕುವ ಐಡಿಯಾ ಯಾರು ಕೊಟ್ಟರೋ!

ಬೆಟ್ಟದ ಬೈಕರ್:
ನಮ್ಮ ಫ್ರೆಂಡ್ ಒಬ್ಬ ಖಾಲಿ ಪಾಡ್ ತೊಳೆದು ಮೆಡಿಕಲ್‌ನಲ್ಲಿ ಸಿಗುವ ಗ್ಲಿಸರಿನ್‌ಗೆ ಎರಡು ಹನಿ ನೀಲಗಿರಿ ಎಣ್ಣೆ ಹಾಕಿ ಎಳೆಯುತ್ತಾನೆ. ನಿಕೋಟಿನ್ ಇಲ್ಲ, ನೆಗಡಿಗೂ ಒಳ್ಳೆಯದು ಅಂತಾನೆ. ಇದು ಸೇಫ್ ಅಲ್ವಾ?

ಸಕಲೇಶಪುರ ಔಷಧಿ:
ಅಲ್ಲ. ದಯವಿಟ್ಟು ಅವನಿಗೆ ಇವತ್ತೇ ಹೇಳಿ. ಬಿಸಿನೀರಿಗೆ ನೀಲಗಿರಿ ಎಣ್ಣೆ ಹಾಕಿ ಮುಖಕ್ಕೆ ಆವಿ ಹಿಡಿಯುವುದೇ ಬೇರೆ, ಎಣ್ಣೆಯ ಹನಿಗಳನ್ನೇ ಶ್ವಾಸಕೋಶದ ತಳಕ್ಕೆ ಎಳೆಯುವುದೇ ಬೇರೆ. ಎಣ್ಣೆ ಅಲ್ಲಿ ಕೂತರೆ ಸುಲಭವಾಗಿ ಹೊರಗೆ ಬರುವುದಿಲ್ಲ. ಲಿಪಾಯ್ಡ್ ನ್ಯುಮೋನಿಯಾ ಅಂತಲೇ ಒಂದು ಕಾಯಿಲೆ ಇದೆ.

ಅಮೆರಿಕದಲ್ಲಿ 2019ರಲ್ಲಿ ಆದದ್ದು ಗೊತ್ತಿರಬಹುದು. ವೇಪ್ ಮಾಡಿದವರು ಸಾಲಾಗಿ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದರು. 2020ರ ಫೆಬ್ರವರಿವರೆಗಿನ ಅಲ್ಲಿನ ಸರ್ಕಾರದ ಲೆಕ್ಕದಲ್ಲಿ 2,807 ಪ್ರಕರಣ, 68 ಸಾವು. ಹೆಚ್ಚಿನವರು ಎಳೆದಿದ್ದು ಗಾಂಜಾ ಸಾರದ ಕಾರ್ಟ್ರಿಡ್ಜ್, ಅದೂ ಕೈಯಿಂದ ಕೈಗೆ ಬಂದ ಮಾಲು. ಅದಕ್ಕೆ ವಿಟಮಿನ್ ಇ ಅಸಿಟೇಟ್ ಅನ್ನುವ ಎಣ್ಣೆಯಂಥ ವಸ್ತು ಬೆರೆಸಿದ್ದರು. ವಿಟಮಿನ್ ಇ ನಾವು ನುಂಗುವ ಕ್ಯಾಪ್ಸೂಲ್‌ನಲ್ಲೂ ಇರುತ್ತದೆ. ಹೊಟ್ಟೆಗೆ ಹೋದರೆ ತೊಂದರೆ ಮಾಡದ್ದು ಶ್ವಾಸಕೋಶಕ್ಕೆ ಹೋಗಿ ಪ್ರಾಣ ತೆಗೆಯಿತು.

ರಾಮನಾಥಪುರದ ಸೊಪ್ಪು:
ಎಲ್ಲರೂ ಹೊಗೆ ಬಗ್ಗೆ ಮಾತಾಡುತ್ತಿದ್ದೀರಿ. ತೊಳೆಯುವ ಕೈ ಬಗ್ಗೆ ಯಾರೂ ಹೇಳಲಿಲ್ಲ.

ನಾವು ಅರಕಲಗೂಡು ಕಡೆಯವರು. ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ರಾಮನಾಥಪುರದ ಹರಾಜು ಮಾರುಕಟ್ಟೆಗೇ ಬೇಲ್ ಹೋಗುವುದು. ಮಳೆ ಬಿದ್ದ ಬೆಳಗ್ಗೆ ಅಥವಾ ಇಬ್ಬನಿ ಇರುವಾಗ ಸೊಪ್ಪು ಮುರಿಯಲು ಹೋದವರನ್ನು ನೋಡಬೇಕು. ಎಲೆ ಕಂಕುಳಿಗೆ ಒತ್ತಿ ಹಿಡಿದು ಸಾಲಿನಲ್ಲಿ ನಡೆಯುತ್ತಾರೆ. ಬಟ್ಟೆ ಪೂರ್ತಿ ತೊಯ್ದಿರುತ್ತದೆ. ಕೈಗೆ ಕಪ್ಪಗೆ ಅಂಟು. ಸೊಪ್ಪು ಒಣಗಿಸುವ ಬ್ಯಾರನ್ ಹತ್ತಿರ ಬಂದು ಕಡ್ಡಿಗೆ ಕಟ್ಟಲು ಕೂರುವ ಹೊತ್ತಿಗೆ ಕೆಲವರಿಗೆ ತಲೆ ಸುತ್ತು, ವಾಂತಿ, ಮೈಯೆಲ್ಲ ಬೆವರು. ಹೊಸಬರಿಗಂತೂ ಜಾಸ್ತಿ. ಬೀಡಿ ಸಿಗರೇಟ್ ಮುಟ್ಟದ ಹೆಂಗಸರು ಇವರು. ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಇದು ವೈದ್ಯರು ಗುರುತಿಸಿರುವ ಕಾಯಿಲೆಯೇ, ಹಸಿ ತಂಬಾಕಿನ ಕಾಯಿಲೆ ಅಂತಾರೆ.

ಹಸಿ ಎಲೆಯ ಮೇಲಿನ ನೀರೇ ಇಷ್ಟು ಮಾಡುತ್ತದೆ. ನಿಮ್ಮ ಬಾಟಲಿಯಲ್ಲಿ ಇರುವುದು ತೆಗೆದು ಗಟ್ಟಿ ಮಾಡಿದ ನಿಕೋಟಿನ್. ತಮ್ಮಾ, ಬಾಟಲಿ ಮೇಲೆ ಎಷ್ಟು ಬರೆದಿದೆ ನೋಡು.

ಕೈಮರ ಹುಡುಗ:
ಒಂದು ಎಂಎಲ್‌ಗೆ 20 ಮಿಲಿಗ್ರಾಂ ಅಂತ ಇದೆ ಅಕ್ಕ. ಪಾಡ್ 2 ಎಂಎಲ್‌ದು.

ಸಕಲೇಶಪುರ ಔಷಧಿ:
ಹಾಗಾದರೆ ತುಂಬಿದ ಒಂದು ಪಾಡ್‌ನಲ್ಲಿ 40 ಮಿಲಿಗ್ರಾಂ ನಿಕೋಟಿನ್. ಒಂದು ಸಿಗರೇಟ್ ಸೇದಿದರೆ ಮೈಗೆ ಸೇರುವುದು ಸುಮಾರು ಒಂದು, ಒಂದೂವರೆ ಮಿಲಿಗ್ರಾಂ. ಪಾಡ್ ತೊಳೆಯಲು ಅಡುಗೆಮನೆ ಲೋಟ ತಗೊಂಡಿರುತ್ತೀರಿ, ಆಮೇಲೆ ಅದು ಸಿಂಕ್‌ನಲ್ಲಿ ಉಳಿದ ಪಾತ್ರೆ ಜೊತೆ ಸೇರುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಆ ಲಿಕ್ವಿಡ್ ಸ್ವಲ್ಪ ನುಂಗಿದರೂ ಅಪಾಯ. ವಾಸನೆ ಬೇರೆ ಮಾವಿನಹಣ್ಣಿನದ್ದು, ಸ್ಟ್ರಾಬೆರಿದು. ನಾಯಿಗೂ ಅಷ್ಟೇ. ಕೈಗೆ ಚೆಲ್ಲಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಮಗು ನುಂಗಿದ್ದು ಕಂಡರೆ ಮನೆಮದ್ದು ಬೇಡ, ವಾಂತಿ ಮಾಡಿಸಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಜೊತೆಗೆ ತಗೊಂಡು ಹೋಗಿ.

ಹೇಮಾವತಿ, ಹಾಸನ:
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಟೇಬಲ್ ಡ್ರಾಯರ್‌ನಲ್ಲಿ ಹೈಲೈಟರ್ ಪೆನ್ ಅಂತ ತಿಳಿದಿದ್ದೆ, ಮುಚ್ಚಳ ತೆಗೆಯಲು ಹೋದರೆ ಬರಲಿಲ್ಲ. ಮೂಗಿಗೆ ಹಿಡಿದರೆ ಕಲ್ಲಂಗಡಿ ವಾಸನೆ. ಒಂದು ಡಬ್ಬಿಯಲ್ಲಿ ಕಾಟನ್ ಬಡ್ಸ್, ಸಿರಿಂಜ್, ಸಣ್ಣ ಬಾಟಲಿ ಸ್ಪಿರಿಟ್ ಕೂಡ ಇತ್ತು. ಸಿರಿಂಜ್ ನೋಡಿ ಎದೆ ಒಡೆದುಹೋಯಿತು. ಈ ಮಾತುಕತೆ ಓದಿದ ಮೇಲೆ ಅದು ತುಂಬಿಸಲು ಇರಬಹುದು ಅನಿಸಿತು. ಹೌದಾ?

ಬಿ.ಎಂ. ರೋಡ್ ರಿಪೇರಿ:
ಹೌದು ಮೇಡಂ, ಸಿರಿಂಜ್ ಲಿಕ್ವಿಡ್ ತುಂಬಿಸಲೇ ಇರಬೇಕು. ಸೂಜಿ ಮೊಂಡು ಇದ್ದರೆ ಹೆಚ್ಚುಕಮ್ಮಿ ಗ್ಯಾರಂಟಿ. ಆದರೆ ಅವನು ಮಾಡುತ್ತಿರುವುದು ನಮ್ಮ ಕೈಮರದ ತಮ್ಮ ಕೇಳಿದ್ದಕ್ಕಿಂತ ಅಪಾಯ. ಹೈಲೈಟರ್ ಥರ ಇರುವುದು ಒಮ್ಮೆ ಬಳಸಿ ಬಿಸಾಡುವ ಮಾಡೆಲ್. ಅದನ್ನು ಬಿಚ್ಚಲು ಅಂತ ಮಾಡಿರುವುದೇ ಇಲ್ಲ. ತುಂಬಿಸಬೇಕಾದರೆ ತಳ ಒಡೆದು ಎಳೆಯಬೇಕು. ಒಳಗೆ ಲಿಕ್ವಿಡ್ ಹೀರಿದ ಸ್ಪಂಜು, ಅದಕ್ಕೆ ಅಂಟಿಕೊಂಡೇ ಲಿಥಿಯಂ ಸೆಲ್. ಸೆಲ್ ಮೇಲೆ ಇರುವುದು ತೆಳು ಹಾಳೆಯಷ್ಟೇ. ಸ್ಕ್ರೂಡ್ರೈವರ್ ತುದಿ ತಾಗಿ ತೂತಾದರೆ ಬೆಂಕಿ. ಪಕ್ಕದಲ್ಲೇ ಸ್ಪಿರಿಟ್ ಬಾಟಲಿ ಇಟ್ಟಿದ್ದಾನೆ ಬೇರೆ. ಮೊದಲು ಆ ಸ್ಪಿರಿಟ್ ಅಲ್ಲಿಂದ ತೆಗೆಯಿರಿ.

ಕೊಪ್ಪದ ಮಾವ:
ಅಮ್ಮಾ, ಕೂಗಾಡಬೇಡಿ. ಕೂಗಾಡಿದರೆ ಡ್ರಾಯರ್ ಬದಲಾಗುತ್ತದೆ ಅಷ್ಟೇ. ಬಿಚ್ಚಿದರೆ ಬೆಂಕಿ ಹತ್ತುತ್ತದಂತೆ ಅಂತ ರಿಪೇರಿಯವರ ಮಾತನ್ನೇ ತೋರಿಸಿ ಶುರು ಮಾಡಿ. ಇಂಜಿನಿಯರಿಂಗ್ ಹುಡುಗನಿಗೆ ಪಾಪ ಪುಣ್ಯಕ್ಕಿಂತ ಬ್ಯಾಟರಿ ಬೇಗ ಅರ್ಥವಾಗುತ್ತದೆ.

ಹೇಮಾವತಿ, ಹಾಸನ:
ಸರಿ ಮಾವ. ಇವತ್ತು ಅವರಪ್ಪ ಊರಲ್ಲಿಲ್ಲ, ಮಾತಾಡಲು ಅದೇ ಒಳ್ಳೆಯದು.

ಕೋರ್ಟ್ ಕ್ಯಾಂಟೀನ್:
ಕಾನೂನು ಒಂದು ನಿಮಿಷ. ಕರ್ನಾಟಕದಲ್ಲಿ ಇ-ಸಿಗರೇಟ್ ಮಾರಾಟ 2016ರಲ್ಲೇ ನಿಷೇಧವಾಗಿದೆ. ಇಡೀ ದೇಶಕ್ಕೆ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಬಂತು, ಅದೇ ವರ್ಷ ಕಾಯ್ದೆಯೂ ಆಯಿತು. ತಯಾರಿಸುವುದು, ಆಮದು, ಮಾರಾಟ, ಸಾಗಣೆ, ಜಾಹೀರಾತು ಎಲ್ಲ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ ಅಥವಾ ಎರಡೂ. ಹೊರದೇಶದಿಂದ ಜೇಬಿನಲ್ಲಿ ತಂದರೂ ಆಮದೇ. ಹಾಗಾಗಿ "ತೊಳೆದು ತುಂಬಿಸಿ ಫ್ರೆಂಡ್ಸ್‌ಗೆ ಕೊಡುತ್ತೇನೆ" ಅನ್ನುವ ಆಸೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಗುಜರಿಯಿಂದ ಖಾಲಿ ಪಾಡ್ ತಂದು ತೊಳೆದು ಹೊಸದು ಅಂತ ಮಾರಿದರಂತೂ ಈ ಕಾಯ್ದೆ ಜೊತೆ ಮೋಸದ ಕೇಸೂ ಸೇರುತ್ತದೆ.

ದುದ್ದ ಟು ಶಾರ್ಜಾ:
ಸಿಗರೇಟ್ ಮಾತ್ರ ಪೆಟ್ಟಿಗೆ ಅಂಗಡಿಯಲ್ಲಿ ಆರಾಮಾಗಿ ಸಿಗುತ್ತದೆ. ಇದು ಯಾವ ನ್ಯಾಯ ಸರ್?

ಕೋರ್ಟ್ ಕ್ಯಾಂಟೀನ್:
ಆ ವಾದಕ್ಕೆ ನನ್ನ ಹತ್ತಿರವೂ ಒಳ್ಳೆಯ ಉತ್ತರ ಇಲ್ಲ ಗುರು. ಕಾಯ್ದೆ ಇರುವುದು ಹೀಗೆ.

ರಾಮನಾಥಪುರದ ಸೊಪ್ಪು:
ನಮ್ಮ ಬೇಲ್ ಹರಾಜು ಮಾಡಿಸುವುದೂ ಸರ್ಕಾರದ ತಂಬಾಕು ಮಂಡಳಿಯೇ. ಈ ಪ್ರಶ್ನೆ ನಮ್ಮ ಮನೆ ಊಟದ ಹೊತ್ತಿನಲ್ಲಿ ಎಷ್ಟು ಸಲ ಬಂದಿದೆಯೋ. ಬಿಡಿ, ಅದು ಬೇರೆ ಕಥೆ.

ಕೈಮರ ಹುಡುಗ:
ಎಲ್ಲ ಓದಿದೆ. ಇವತ್ತು ಒಂದು ಪಾಡ್‌ನ ರಬ್ಬರ್ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ರಿಪೇರಿ ಅಣ್ಣ ಹೇಳಿದ ಹಾಗೇ ಇದೆ, ಬುಡದಲ್ಲಿ ಕರಿ. ತೊಳೆಯುವುದಿಲ್ಲ. ಎರಡು ಪ್ರಶ್ನೆ ಉಳಿದಿವೆ. ಇದನ್ನೆಲ್ಲ ಎಲ್ಲಿ ಬಿಸಾಡಲಿ? ಮತ್ತೆ ಸಿಗರೇಟ್‌ಗೆ ಹೋಗಬಾರದು ಅಂದರೆ ಏನು ಮಾಡಲಿ? ಬೆಳಗ್ಗೆ ಎದ್ದರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ.

ಬಿ.ಎಂ. ರೋಡ್ ರಿಪೇರಿ:
ಕಸದ ಗಾಡಿಗೆ ಹಾಕಬೇಡ. ಗಾಡಿಯಲ್ಲಿ ಒತ್ತುವಾಗ ಸೆಲ್ ಜಜ್ಜಿದರೆ ಕಸಕ್ಕೇ ಬೆಂಕಿ. ತೋಟದಲ್ಲಿ ಹೂಳುವುದೂ ಬೇಡ, ಒಲೆಗೆ ಹಾಕುವುದಂತೂ ಬೇಡವೇ ಬೇಡ. ಪಾಡ್ ಬೇರೆ, ಮೆಷೀನ್ ಬೇರೆ ಮಾಡು. ಮೆಷೀನ್ ಮೇಲೆ ಪಾಡ್ ಕೂರುವ ಜಾಗದಲ್ಲಿ ಹೊಳೆಯುವ ಪಿನ್ ಇದೆಯಲ್ಲ, ಅದಕ್ಕೆ ಇನ್ಸುಲೇಷನ್ ಟೇಪ್ ಸುತ್ತು. ಪಾಡ್ ಮತ್ತು ಉಳಿದ ಲಿಕ್ವಿಡ್ ಬಾಟಲಿ ಬಿಗಿ ಮುಚ್ಚಿ ಒಂದು ಕವರ್‌ನಲ್ಲಿ ಕಟ್ಟು, ಚರಂಡಿಗೆ ಸುರಿಯಬೇಡ. ಎರಡನ್ನೂ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಳಗೆ ಏನಿದೆ ಅಂತ ಹೇಳಿಯೇ ಕೊಡು. ನಮ್ಮ ಅಂಗಡಿಯಲ್ಲಿ ಉಬ್ಬಿದ ಬ್ಯಾಟರಿಗಳನ್ನು ಒಣ ಮರಳಿನ ಡಬ್ಬದಲ್ಲಿ ಇಟ್ಟಿರುತ್ತೇವೆ, ಅವರು ಬಂದಾಗ ಒಟ್ಟಿಗೆ ಹೋಗುತ್ತದೆ. ಚಿಕ್ಕಮಗಳೂರಿನಲ್ಲೂ ರಿಪೇರಿ ಅಂಗಡಿಯವರನ್ನು ಕೇಳು, ಅವರ ಬ್ಯಾಟರಿಗಳೂ ಎಲ್ಲಿಗಾದರೂ ಹೋಗಲೇಬೇಕಲ್ಲ.

ಸಕಲೇಶಪುರ ಔಷಧಿ:
ಎರಡನೆಯದಕ್ಕೆ ನಾನು ಹೇಳುತ್ತೇನೆ. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356, ಕರೆ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲೂ ತಂಬಾಕು ಬಿಡಿಸುವ ವಿಭಾಗ ಕೇಳಿ ನೋಡಿ. 2 ಮಿಲಿಗ್ರಾಂ ನಿಕೋಟಿನ್ ಗಮ್ ಚೀಟಿ ಇಲ್ಲದೆ ಸಿಗುತ್ತದೆ, 4 ಮಿಲಿಗ್ರಾಂಗೆ ಡಾಕ್ಟರ್ ಚೀಟಿ ಬೇಕು. ಹೃದಯದ ತೊಂದರೆ ಇದ್ದರೆ ಯಾವುದಕ್ಕೂ ಮೊದಲು ಡಾಕ್ಟರನ್ನು ಕೇಳಿ.

ಗಮ್ ತಿನ್ನುವುದರಲ್ಲಿ ಜನ ಎಡವುತ್ತಾರೆ. ಸಾದಾ ಚೂಯಿಂಗ್ ಗಮ್ ಅಂದುಕೊಂಡು ಕಚಕಚ ಅಗಿದು ಜೊಲ್ಲು ನುಂಗುತ್ತಾರೆ. ಬಿಕ್ಕಳಿಕೆ, ಹೊಟ್ಟೆ ತೊಳಸು ಬಂದ ಮೇಲೆ "ನಿಮ್ಮ ಗಮ್ ಸರಿ ಇಲ್ಲ" ಅಂತ ವಾಪಸ್ ತರುತ್ತಾರೆ. ನಿಧಾನ ಅಗಿಯಿರಿ. ಖಾರದ ಥರ ಚುರುಕು ಅನಿಸಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಒತ್ತರಿಸಿ ಇಡಿ. ಚುರುಕು ಹೋದ ಮೇಲೆ ಮತ್ತೆ ಅಗಿಯಿರಿ. ಒಂದು ಗಮ್ ಅರ್ಧ ಗಂಟೆ ಹೀಗೆ ನಡೆಯಬೇಕು.

ಇನ್ನೊಂದು, ಇದು ನಮ್ಮ ಕಡೆಯವರಿಗೆ ಕಷ್ಟ. ಗಮ್ ಹಾಕಿಕೊಳ್ಳುವ 15 ನಿಮಿಷ ಮೊದಲಿಂದ, ಬಾಯಲ್ಲಿ ಗಮ್ ಇರುವಷ್ಟು ಹೊತ್ತು ಕಾಫಿ ಕುಡಿಯಬಾರದು. ಕಾಫಿಯ ಹುಳಿಯಿಂದ ಬಾಯಿಯಲ್ಲಿ ನಿಕೋಟಿನ್ ಸರಿಯಾಗಿ ಹೀರುವುದಿಲ್ಲ. ಆಮೇಲೆ ಗಮ್ ಕೆಲಸ ಮಾಡಲಿಲ್ಲ ಅಂತ ಮತ್ತೆ ಹೊಗೆಗೆ ಹೋಗುತ್ತಾರೆ.

ಕೈಮರ ಹುಡುಗ:
ಕಾಫಿ ಇಲ್ಲದೆ ಬೆಳಗ್ಗೆನಾ? ನಮ್ಮ ಮನೆಯಲ್ಲಿ ಮುಖ ತೊಳೆಯುವ ಮೊದಲೇ ಲೋಟ ಕೈಗೆ ಬರುತ್ತದೆ ಮೇಡಂ. ಹಾಲು ಜಾಸ್ತಿ ಹಾಕಿದರೆ ನಡೆಯುತ್ತದಾ?

ಸಕಲೇಶಪುರ ಔಷಧಿ:
ಹಾಲಿನ ಲೆಕ್ಕ ಬೇಡ. ಕಾಫಿ ಕುಡಿದು ಮುಗಿಸಿ, ನೀರಿನಲ್ಲಿ ಬಾಯಿ ಮುಕ್ಕಳಿಸಿ, ಕಾಲು ಗಂಟೆ ಬಿಟ್ಟು ಗಮ್ ಹಾಕಿಕೊಳ್ಳಿ. ಆ ಕಾಲು ಗಂಟೆ ಜೇಬಿನಲ್ಲಿ ಏನೂ ಇರಬಾರದು.

ಕೈಮರ ಹುಡುಗ:
ಟೇಪ್ ಸುತ್ತಿ ಡಬ್ಬಿಗೆ ಹಾಕಿದ್ದೇನೆ. ಸೋಮವಾರ ಪೇಟೆಗೆ ಹೋಗುವಾಗ ರಿಪೇರಿ ಅಂಗಡಿಯಲ್ಲಿ ಕೇಳುತ್ತೇನೆ, ಗಮ್ ಕೂಡ ಪೇಟೆಯ ಮೆಡಿಕಲ್‌ನಲ್ಲೇ ತಗೊಳ್ಳುತ್ತೇನೆ.